ಕಾರಿಗೆ ಕಟ್ಟಿದ ಶಾಲೆ

"ಕಾರೇನು ತಲೆ ಮೇಲೆ ಬುಟ್ಟಿ ಹೊತ್ಕೊಂಡು ಬರುತ್ತೇನ್ರೀ?"

ಬಸ್ ಯಜಮಾನರು ಹೀಗೆ ಕೇಳಿದರೂ ನಾಳೆರಾಯರು ನಕ್ಷೆಯಿಂದ ತಲೆ ಎತ್ತಲಿಲ್ಲ. ಬೆಳಗಿನಿಂದ ಇದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇತ್ತು. ಮೇಜಿನ ಮೇಲೆ ಹರಡಿದ್ದ ಹಾಳೆ ಮತ್ತೆ ಸುರುಳಿ ಸುತ್ತಿಕೊಳ್ಳದಂತೆ ಮೂಲೆಗಳಿಗೆ ಬಸ್ಸಿನ ನಟ್ಟು ಬೋಲ್ಟುಗಳನ್ನು ಹೇರಿದ್ದರು. ಕಿಟಕಿಯಾಚೆ ಡಿಪೋದಲ್ಲಿ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

"ನೀವು ಬರೆದಿರೋ ಎತ್ತರಕ್ಕೆ ಕಾರಿನ ಮೇಲೆ ಕಾರು ನಿಲ್ಲಿಸಿ, ಅದರ ಮೇಲೆ ನಾನೂ ನಿಂತ್ಕೋಬಹುದು. ಸೂರು ತಗ್ಗಿಸಿ ಸಾಹೇಬ್ರೇ, ಇನ್ನೊಂದು ಮಹಡಿ ಎದ್ದು ಬರುತ್ತೆ. ಈ ನೆಲ ಬೇರೆ ಯಾಕೆ ಹೀಗೆ ಚಪ್ಪಟೆ? ಎಲ್ಲಾ ಕಡೆ ಇಂಥ ಕಟ್ಟಡದಲ್ಲಿ ನೆಲವೇ ಇಳಿಜಾರಾಗಿರುತ್ತೆ. ಹತ್ತುತ್ತಾ ಹತ್ತುತ್ತಾ ನಿಲ್ಲಿಸ್ಕೊಂಡು ಹೋಗೋದು."

"ಇಳಿಜಾರಲ್ಲಿ ಕಾರು ನಿಲ್ಲುತ್ತೆ. ಮನುಷ್ಯ ಕುರ್ಚಿ ಹಾಕ್ಕೊಂಡು ಕೂರೋಕಾಗಲ್ಲ."

"ಕಾರು ನಿಲ್ಲಿಸೋ ಜಾಗದಲ್ಲಿ ಮನುಷ್ಯ ಕುರ್ಚಿ ಯಾಕೆ ಹಾಕ್ಕೋತಾನೆ ಇಂಜಿನಿಯರ್ ಸಾಹೇಬ್ರೇ?"

"ಆರ್ಕಿಟೆಕ್ಟ್," ಎಂದು ತಿದ್ದಿ, ನಾಳೆರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ ಯಜಮಾನ್ರೇ, ನಾಳೆ ಜನ ಕಾರು ಇಟ್ಕೊಳ್ಳೋದನ್ನೇ ಬಿಟ್ಟುಬಿಡಬಹುದು. ಆಗ ನಿಮ್ಮ ಕಟ್ಟಡ ಏನಾಗಬೇಕು? ಕಚೇರಿ ಆಗಬೇಕು, ಮನೆಗಳಾಗಬೇಕು, ಆಸ್ಪತ್ರೆ ಆಗಬೇಕು. ಅದಕ್ಕೇ ಈ ಎತ್ತರ. ಅದಕ್ಕೇ ಚಪ್ಪಟೆ ನೆಲ. ಅದಕ್ಕೇ ನೆಲದಲ್ಲಿ ಅಲ್ಲಲ್ಲಿ ತೂತು, ನಾಳೆ ಪೈಪು ಬೇಕಾದರೆ ಅಂತ."

ಮದುವೆ ಮಾತುಕತೆಗೆ ಬಂದು ಕೂತವನು ವಿಚ್ಛೇದನದ ವಿಷಯ ಎತ್ತಿದರೆ ಹುಡುಗಿಯ ಅಪ್ಪ ಹೇಗೆ ನೋಡಬಹುದೋ, ಯಜಮಾನರು ಹಾಗೆ ನೋಡಿದರು.

ನಾಳೆರಾಯರಿಗೆ ಈ ಹೆಸರು ಬಂದದ್ದೇ ಹೀಗೆ. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಕಟ್ಟಡದ ಕೆಲಸದವರೆಲ್ಲ ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಯಾವ ಗೋಡೆ ಎಬ್ಬಿಸಲು ಹೋದರೂ "ನಾಳೆ ತೆಗೀಬೇಕಾಗಬಹುದು", ಯಾವ ಬಾಗಿಲು ಮುಚ್ಚಲು ಹೋದರೂ "ನಾಳೆ ಬೇಕಾಗಬಹುದು". ಕಟ್ಟಡ ಎಂದರೆ ಒಂದು ಸಲ ಹೊಲಿಸಿ ಸಾಯುವವರೆಗೂ ತೊಡುವ ಅಂಗಿಯಲ್ಲ, ಬೆಳೆಯುವ ಮಕ್ಕಳಿಗೆ ಹೊಲಿಸುವಂತೆ ಒಳಗೆ ಬಟ್ಟೆ ಮಡಿಚಿ ಬಿಟ್ಟಿರಬೇಕು ಎಂಬುದು ಅವರ ನಂಬಿಕೆ. ಅವರ ಸ್ವಂತ ಮನೆಯ ನಡುಕೋಣೆಯಲ್ಲಿ, ನಾಳೆ ಅಡುಗೆಮನೆ ಅಲ್ಲಿಗೆ ಬಂದರೆ ಇರಲಿ ಎಂದು ಒಂದು ನೀರಿನ ಪೈಪು ನೆಲದಿಂದ ಗೇಣುದ್ದ ಎದ್ದು ನಿಂತಿತ್ತು. ಮನೆಗೆ ಬಂದ ನೆಂಟರಲ್ಲಿ ಅದಕ್ಕೆ ಕಾಲ್ಬೆರಳು ಜಜ್ಜಿಕೊಳ್ಳದವರು ಇರಲಿಲ್ಲ. ಮಹಡಿಯ ಹೊರಗೋಡೆಯಲ್ಲಿ ಒಂದು ಬಾಗಿಲಿತ್ತು. ನಾಳೆ ಹೊರಗಿನಿಂದ ಮೆಟ್ಟಿಲು ಹಾಕಿಸಿದರೆ ಎಂದು ಇಟ್ಟದ್ದು. ಸದ್ಯಕ್ಕೆ ಅದನ್ನು ತೆರೆದರೆ ಆಚೆ ಬರೀ ಗಾಳಿ. ಅವರ ಹೆಂಡತಿ ಅದರ ಚಿಲಕಕ್ಕೆ ಗಟ್ಟಿಯಾದ ಹಗ್ಗ ಬಿಗಿದಿದ್ದರು.

ಹೆಂಡತಿ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಊರಿಗೆಲ್ಲ ಹೆಡ್‌ಮೇಡಂ, ಮನೆಯಲ್ಲೂ ಅವರು ಆ ಹುದ್ದೆಯಿಂದ ರಜೆ ತೆಗೆದುಕೊಂಡದ್ದು ಕಡಿಮೆ. "ಇವರ ಜೊತೆ ಬಾಳೋದು ಅಂದ್ರೆ ನಾಳೆ ಬರೋ ರೈಲಿಗೆ ಇವತ್ತಿಂದಲೇ ಪೆಟ್ಟಿಗೆ ಹಿಡ್ಕೊಂಡು ನಿಂತ ಹಾಗೆ," ಎಂದು ಅವರು ಗೆಳತಿಯರ ಮುಂದೆ ಹೇಳಿಕೊಳ್ಳುತ್ತಿದ್ದರು. ನಾಳೆರಾಯರಿಗೆ ಇದು ಕೇಳಿಸಿದರೂ ಬೇಸರವಿರಲಿಲ್ಲ. ಅವರ ಬೇಸರವೇ ಬೇರೆ. ಇಷ್ಟು ವರ್ಷ ಬದಲಾಗಲೆಂದೇ ಕಟ್ಟಿದ ಕಟ್ಟಡಗಳಲ್ಲಿ ಒಂದೂ ಬದಲಾಗಿರಲಿಲ್ಲ. ಅಂಗಡಿ ಅಂಗಡಿಯಾಗಿಯೇ ಇತ್ತು, ಗೋದಾಮು ಗೋದಾಮಾಗಿಯೇ ಇತ್ತು. ಸರಿಸಲು ಬರುವಂತೆ ಮಾಡಿದ ಗೋಡೆಗಳಿಗೆ ಜನ ಕಪಾಟು ಒರಗಿಸಿ ನೆಮ್ಮದಿಯಾಗಿದ್ದರು.

ಈ ಸಲ ಅವರನ್ನು ಗೆಲ್ಲಿಸಿದ್ದು ಬಸ್ ಯಜಮಾನರ ಅಕ್ಕ. ಸೈಟು ಆಕೆಯ ಹೆಸರಿನಲ್ಲಿತ್ತು. ಮೂಲೆಯಲ್ಲಿ ಕೂತು ಇಬ್ಬರ ಜಗಳ ಕೇಳಿಸಿಕೊಳ್ಳುತ್ತಿದ್ದ ಆಕೆ ಎದ್ದು ಸೆರಗು ಸರಿಮಾಡಿಕೊಂಡರು. "ಅವರು ಹೇಳಿದ ಹಾಗೇ ಕಟ್ಸು. ನಿನ್ನ ಮಾತು ಕೇಳಿ ಕಟ್ಟಿಸಿದ ಮನೇಲಿ ಬಗ್ಗಿ ಬಗ್ಗಿ ನನ್ನ ಸೊಂಟ ಹೋಗಿದೆ. ಸೂರಾದ್ರೂ ಸ್ವಲ್ಪ ಮೇಲಿರಲಿ."

ಹೀಗೆ ಕಟ್ಟಡ ಎದ್ದಿತು. ಎತ್ತರದ ಸೂರು, ಚಪ್ಪಟೆ ನೆಲ, ಸುತ್ತ ಗೋಡೆಯ ಬದಲು ಗಾಳಿಯಾಡಲೆಂದು ನೇರ ಕಂಬಿಗಳು, ಕಾರು ಹತ್ತುವ ಇಳಿಜಾರು ದಾರಿ ಒಂದು ಪಕ್ಕಕ್ಕೆ, ನಾಳೆ ಬೇಡವಾದರೆ ಕತ್ತರಿಸಿ ತೆಗೆಯುವಂತೆ ಬೇರೆಯಾಗಿಯೇ. ಬಾಗಿಲಲ್ಲಿ ಚೀಟಿ ಕೊಡುವ ಯಂತ್ರ, ಏಳುವ ಬೀಳುವ ಕೋಲು, ತಿರುವಿನಲ್ಲಿ ಉಬ್ಬುಗನ್ನಡಿ. ಎಲ್ಲ ಇತ್ತು, ಕಾರು ಮಾತ್ರ ಇರಲಿಲ್ಲ. ಎದುರಿನ ರಸ್ತೆ ವಿಶಾಲವಾಗಿತ್ತು. ಅಲ್ಲಿ ಪುಕ್ಕಟೆ ನಿಲ್ಲಿಸುವುದನ್ನು ಬಿಟ್ಟು ಚೀಟಿ ತೆಗೆದುಕೊಂಡು ಮಹಡಿ ಹತ್ತುವ ಹುಚ್ಚು ಯಾರಿಗೂ ಹಿಡಿಯಲಿಲ್ಲ. ಇಡೀ ಕಟ್ಟಡದಲ್ಲಿ ಯಜಮಾನರ ಹಳೆಯ ದೊಡ್ಡ ಕಾರೊಂದು ಎರಡನೇ ಮಹಡಿಯಲ್ಲಿ ನಿಂತಿತು. ಅದೂ ಒಂದು ಮಧ್ಯಾಹ್ನ ಕೆಟ್ಟು, ಅಲ್ಲೇ ಬೇರು ಬಿಟ್ಟಿತು. ಉಳಿದ ಜಾಗವನ್ನೆಲ್ಲ ಪಾರಿವಾಳಗಳು ಹಂಚಿಕೊಂಡವು.

"ಸಾಹೇಬ್ರೇ, ನಿಮ್ಮ ನಾಳೆ ಹೊರಟಿದೆಯಾ, ಇಲ್ಲ ಇನ್ನೂ ಸ್ನಾನ ಮಾಡ್ತಾ ಇದೆಯಾ?" ಎಂದು ಯಜಮಾನರು ಆಗಾಗ ಫೋನು ಮಾಡಿ ಕೇಳುತ್ತಿದ್ದರು. ನಾಳೆರಾಯರು ಅವರ ನಂಬರು ಕಂಡರೆ ಫೋನನ್ನು ದಿಂಬಿನ ಕೆಳಗೆ ತಳ್ಳುವಷ್ಟಕ್ಕೆ ಬಂದರು.

ಆಮೇಲೊಂದು ಸೋಮವಾರ ಹೆಡ್‌ಮೇಡಂ ಅವರ ಶಾಲೆಯಲ್ಲಿ, ಅಧ್ಯಾಪಕಿಯರು ಚಹಾ ಕುಡಿಯುವ ಮೇಜಿನ ಮೇಲೆ ಸೂರಿನ ಒಂದು ತುಂಡು ಬಂದು ಬಿದ್ದಿತು. ಪುಣ್ಯಕ್ಕೆ ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಬಿಸ್ಕತ್ತು ಮಾತ್ರ ಪುಡಿಯಾಯಿತು. ಅಧಿಕಾರಿಗಳು ಬಂದು ಮೇಲೆ ನೋಡಿದರು, ಕೆಳಗೆ ನೋಡಿದರು, ಶಾಲೆಗೆ ಬೀಗ ಜಡಿದರು. ಬೇರೆ ಜಾಗ ಸಿಗದಿದ್ದರೆ ಹುಡುಗಿಯರನ್ನು ಅಲ್ಲೊಂದು ಇಲ್ಲೊಂದು ಶಾಲೆಗೆ ಹಂಚಿಬಿಡುತ್ತೇವೆ ಎಂದರು. ಹಂಚುವುದು ಎಂದರೆ ಏನೆಂದು ಹೆಡ್‌ಮೇಡಂಗೆ ಗೊತ್ತಿತ್ತು. ದೂರದ ಶಾಲೆಗೆ ಎರಡು ಬಸ್ಸು ಬದಲಿಸಿ ಹೋಗುವ ಹುಡುಗಿಯರಲ್ಲಿ ಅರ್ಧದಷ್ಟು ಮಂದಿ ಪರೀಕ್ಷೆಯ ಹೊತ್ತಿಗೆ ಮನೆಯಲ್ಲೇ ಉಳಿದುಬಿಡುತ್ತಾರೆ.

ಅವರು ಮನೆಗೆ ಬಂದು ಅಳಲಿಲ್ಲ, ಗಂಡನನ್ನು ಏನೂ ಕೇಳಲೂ ಇಲ್ಲ. ನೆಟ್ಟಗೆ ಬಸ್ ಡಿಪೋಗೆ ಹೋದರು.

ನಾಳೆರಾಯರಿಗೆ ಸುದ್ದಿ ಮುಟ್ಟಿಸಿದ್ದು ಕಟ್ಟಡದ ವಾಚ್‌ಮನ್. ಒಂದು ಬೆಳಿಗ್ಗೆ ಅವನ ಫೋನು ಬಂತು. "ಸಾರ್, ಗಾಡಿ ಬರ್ತಾ ಇದಾವೆ! ಸಾಲಾಗಿ ಬರ್ತಾ ಇದಾವೆ!"

ರಾಯರು ಎದ್ದು ನಿಂತರು. "ಎಂಥ ಗಾಡಿನೋ?"

"ಎಲ್ಲಾ ಎರಡು ಜಡೆ ಗಾಡಿ ಸಾರ್. ಮುಂದೆ ನಿಮ್ಮ ಮೇಡಮ್ಮೋರು ಇದಾರೆ."

ರಾಯರು ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿದರು. ಕೋಲು ಮೇಲೆದ್ದು ನಿಂತಿತ್ತು. ಅದರ ಕೆಳಗೆ ಹುಡುಗಿಯರ ಸಾಲು ಒಳಗೆ ಹರಿಯುತ್ತಿತ್ತು. ಇಬ್ಬಿಬ್ಬರು ಸೇರಿ ಬೆಂಚುಗಳನ್ನು ಹಿಡಿದುಕೊಂಡು ಇಳಿಜಾರನ್ನು ಹತ್ತುತ್ತಿದ್ದರು. ಕಪ್ಪುಹಲಗೆಯೊಂದು ಎಂಟು ಕಾಲುಗಳ ಮೇಲೆ ನಡೆದುಹೋಯಿತು. ರಾಯರ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಕಟ್ಟಡ ಮಗ್ಗುಲು ಬದಲಿಸುತ್ತಿತ್ತು. ಅಂದೇ ಮಧ್ಯಾಹ್ನ ಹಳೆಯ ಸುರುಳಿಗಳನ್ನೆಲ್ಲ ಅಟ್ಟದಿಂದ ಇಳಿಸಿದರು. ಈ ಕಟ್ಟಡ ಮುಂದೆ ಏನೇನಾಗಬಹುದು ಎಂದು ಅವರು ಆಗಲೇ ಬರೆದಿಟ್ಟಿದ್ದರು: ಮನೆಗಳು, ಕಚೇರಿ, ಆಸ್ಪತ್ರೆ, ಒಂದು ಈಜುಕೊಳ ಕೂಡ. ಶಾಲೆ ಮಾತ್ರ ಇರಲಿಲ್ಲ. ಹೆಂಡತಿ ಮುಖ್ಯೋಪಾಧ್ಯಾಯಿನಿಯಾಗಿದ್ದೂ ಅದು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹೊಸ ಹಾಳೆ ಹಾಸಿ ಕೂತರು.

ಅವರು ಬರೆಯುತ್ತಿದ್ದಂತೆ ಶಾಲೆ ತನ್ನ ಪಾಡಿಗೆ ತಾನು ನಡೆಯತೊಡಗಿತು. ಕಾರುಗಳಿಗೆ ಹಾಕಿದ ಹಳದಿ ಗೆರೆಗಳ ನಡುವೆ ಬೆಂಚುಗಳು ಬಂದವು. ತಡವಾಗಿ ಬಂದವರು ಯಂತ್ರದಿಂದ ಚೀಟಿ ತೆಗೆದುಕೊಂಡು ಒಳಗೆ ಬರಬೇಕೆಂದು ಹೆಡ್‌ಮೇಡಂ ಕಟ್ಟಳೆ ಮಾಡಿದರು. ಅದರಲ್ಲಿ ಬಂದ ಹೊತ್ತು ಅಚ್ಚಾಗಿ, ಕೆಳಗೆ 'ನಿಮ್ಮ ವಾಹನಕ್ಕೆ ನೀವೇ ಹೊಣೆ' ಎಂದಿರುತ್ತಿತ್ತು. ತಿರುವಿನ ಉಬ್ಬುಗನ್ನಡಿಯ ಮುಂದೆ ಬೈತಲೆ ಸರಿಮಾಡಿಕೊಳ್ಳುವವರ ಗುಂಪು ಸೇರಿ ಪ್ರತಿದಿನ ದಾರಿ ಕಟ್ಟಿಹೋಗುತ್ತಿತ್ತು. ವಾಚ್‌ಮನ್ ಸಂಜೆ ಲೆಕ್ಕ ಒಪ್ಪಿಸುತ್ತಿದ್ದ: "ಎಲ್ಲಾ ಗಾಡಿ ಹೋದ್ವು ಮೇಡಂ. ಮೂರನೇ ಮಹಡಿಯಲ್ಲಿ ಒಂದು ಅಳ್ತಾ ಇತ್ತು, ಅವರಮ್ಮ ಬಂದು ಕರ್ಕೊಂಡು ಹೋದ್ರು."

ಯಜಮಾನರು ಮಾತ್ರ ತಮ್ಮ ಕಾರು ಕದಲಿಸಲು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಪರವಾನಗಿ ಕಾರು ನಿಲ್ಲಿಸೋದಕ್ಕೆ ಕೊಟ್ಟಿರೋದು. ಒಂದಾದ್ರೂ ಕಾರು ಇರಬೇಕು," ಎಂದರು. ಹಾಗಾಗಿ ಏಳನೇ ತರಗತಿ ಆ ಕಾರಿನ ಸುತ್ತ ಕೂತಿತು. ಪ್ರತಿದಿನ ಬೆಳಿಗ್ಗೆ ಯಜಮಾನರು ಬಂದು ಕಾರಿನೊಳಗೆ ಕೂತು ಪೇಪರು ಓದುತ್ತಿದ್ದರು, ತಮ್ಮ ಹಕ್ಕು ಸಾಧಿಸಲೆಂದು. ದಿನ ಕಳೆದಂತೆ ಕಿಟಕಿಯ ಗಾಜು ಇಳಿಯಿತು, ಆಮೇಲೆ ಪೇಪರೂ ಇಳಿಯಿತು. ಒಂದು ದಿನ ಚರಿತ್ರೆಯ ಟೀಚರು ಗಂಟೆ ಹೊಡೆಯಿತೆಂದು ಯುದ್ಧವೊಂದನ್ನು ಅರ್ಧಕ್ಕೆ ನಿಲ್ಲಿಸಿ ಹೊರಟಾಗ ಕಾರಿನೊಳಗಿಂದ ಧ್ವನಿ ಬಂತು: "ಅಯ್ಯೋ, ಗೆದ್ದೋರು ಯಾರು ಅಂತ ಹೇಳಿ ಹೋಗ್ರೀ!"

ಕಷ್ಟವಿದ್ದದ್ದು ಒಂದೇ, ಗದ್ದಲ. ಗೋಡೆಗಳಿಲ್ಲದ ಮಹಡಿಯಲ್ಲಿ ನಾಲ್ಕು ತರಗತಿ ಒಟ್ಟಿಗೆ ಬಾಯಿ ಬಿಟ್ಟರೆ ಒಬ್ಬರ ಮಗ್ಗಿ ಇನ್ನೊಬ್ಬರ ಪದ್ಯದೊಳಗೆ ನುಗ್ಗುತ್ತಿತ್ತು. "ಹೂವಿನ ಬಣ್ಣ ಯಾವುದು?" ಎಂದರೆ "ಐವತ್ತಾರು!" ಎಂದು ಉತ್ತರ ಬರುತ್ತಿತ್ತು. ಹೆಡ್‌ಮೇಡಂ ಗಂಟಲು ಬಿದ್ದುಹೋಗಿ ಮನೆಯಲ್ಲಿ ಸನ್ನೆಯಿಂದ ಮಾತಾಡತೊಡಗಿದರು.

ನಾಳೆರಾಯರ ನಕ್ಷೆ ಸಿದ್ಧವಾಗಿತ್ತು. ಮಡಚುವ, ಸರಿಯುವ, ಸದ್ದು ಹೀರುವ ಗೋಡೆಗಳು; ತಿಳಿ ಹಸಿರು ಬಣ್ಣ. ತಾವೇ ಕಣ್ಣು ತೇವ ಮಾಡಿಕೊಳ್ಳುವಷ್ಟು ಚೆನ್ನಾಗಿ ಬಂದಿತ್ತು.

ಹೆಡ್‌ಮೇಡಂ ಅದನ್ನು ನೋಡಿ ಪಿಸುಗುಟ್ಟಿದರು. "ಚೆನ್ನಾಗಿದೆ. ಯಾವಾಗ ಬರುತ್ತೆ?"

"ಹೇಳಿ ಮಾಡಿಸ್ಬೇಕು. ಎರಡು ಮೂರು ತಿಂಗಳು ಅಂದ್ಕೋ."

"ಅಷ್ಟರಲ್ಲಿ ಪರೀಕ್ಷೆ ಮುಗಿದು ರಜಾ ಬಂದಿರುತ್ತೆ ರೀ."

"ಒಳ್ಳೇದು ಬೇಕಾದರೆ ಕಾಯಬೇಕು."

ಹೆಡ್‌ಮೇಡಂ ನಕ್ಷೆ ಸುತ್ತಿ ವಾಪಸು ಕೊಟ್ಟರು. ಗಂಟಲಿಲ್ಲದ್ದರಿಂದ ಸುಮ್ಮನಾದರೆಂದು ರಾಯರು ತಿಳಿದರು. ಆ ವಾರದ ಕೊನೆಗೆ ಕಟ್ಟಡಕ್ಕೆ ಹೋದವರು ಎರಡನೇ ಮಹಡಿ ಹತ್ತಿ ಅಲ್ಲೇ ಕಲ್ಲಾಗಿ ನಿಂತರು.

ತರಗತಿಗಳ ನಡುವೆ ಗೋಡೆಗಳು ಎದ್ದಿದ್ದವು. ಬಸ್ಸಿನ ಗೋಡೆಗಳು. ಡಿಪೋದಲ್ಲಿ ಗುಜರಿಗೆ ಹೋಗಲು ಕಾದಿದ್ದ ಹಳೆಯ ಬಸ್ಸುಗಳ ಪಕ್ಕಗಳನ್ನು ಉದ್ದಕ್ಕೆ ಸೀಳಿ ತಂದು, ಕಂಬದಿಂದ ಕಂಬಕ್ಕೆ ನಿಲ್ಲಿಸಿ ಬಿಗಿದಿದ್ದರು. ಮೇಲಿನ ಖಾಲಿ ಜಾಗಕ್ಕೆ ಬಸ್ಸಿನ ಸೀಟುಗಳ ಸ್ಪಂಜು ತುರುಕಿದ್ದರು. ಕಿಟಕಿಗಳು, ಅವುಗಳ ಗಾಜು, 'ಕೈ ಹೊರಗೆ ಚಾಚಬೇಡಿ' ಎಂಬ ಬರಹ, ಎಲ್ಲ ಇದ್ದ ಹಾಗೇ ಇತ್ತು. ರಾಯರು ನೋಡುತ್ತಿದ್ದಂತೆ ಆರನೇ ತರಗತಿಯ ಟೀಚರು ಗಾಜು ಸರಿಸಿ, ಪಕ್ಕದ ತರಗತಿಗೆ ತಲೆ ಹಾಕಿ, "ಸ್ವಲ್ಪ ಮೆತ್ತಗೆ ಓದಿಸಿ ಕಣ್ರೀ," ಎಂದು ಗಾಜು ಎಳೆದುಕೊಂಡರು.

"ಹೇಗಿದೆ ಇಂಜಿನಿಯರ್ ಸಾಹೇಬ್ರೇ?" ಯಜಮಾನರು ಕಾರಿನಿಂದ ಇಳಿದು ಬಂದರು. ಮುಖ ಮೊರದಗಲವಾಗಿತ್ತು. "ನೀವು ಸೂರು ಎತ್ತರ ಇಟ್ಟಿದ್ದಕ್ಕೇ ಬಸ್ಸು ಹಿಡೀತು. ನಾನು ಹೇಳಿದ ಹಾಗೆ ಕಟ್ಟಿದ್ದಿದ್ರೆ ಕಿಟಕಿ ಅರ್ಧಕ್ಕೇ ಕತ್ತರಿಸಬೇಕಾಗ್ತಿತ್ತು."

ಅದು ಹೊಗಳಿಕೆ ಎಂಬುದು ರಾಯರ ಕಿವಿಗೆ ಬೀಳಲಿಲ್ಲ. ಮಗಳ ಮದುವೆ ಮುಗಿದ ಮೇಲೆ ಚಪ್ಪರ ಬಿಚ್ಚುವ ಹೊತ್ತಿಗೆ ಬಂದು ಮುಟ್ಟಿದ ಅಪ್ಪನಂತೆ ಅವರು ನಿಂತಿದ್ದರು. ತಿಳಿ ಹಸಿರು ಗೋಡೆಗಳು ನಿಲ್ಲಬೇಕಾದ ಕಡೆ ಕೆಂಪು ಬಣ್ಣ ಚಕ್ಕೆ ಎದ್ದ ತಗಡು. ಪೈಪಿಗೆಂದು ಬಿಟ್ಟ ತೂತುಗಳಲ್ಲಿ ಮೇಲಿನ ಮಹಡಿಯಿಂದ ಕೆಳಗಿನ ಮಹಡಿಗೆ ದಾರ ಇಳಿಬಿಟ್ಟು ಹುಡುಗಿಯರು ಪೆನ್ಸಿಲ್ಲು ಕಳಿಸುತ್ತಿದ್ದರು.

ಅಂದು ಮನೆಯಲ್ಲಿ ಹೆಡ್‌ಮೇಡಂ ಒಂದು ಹಾಳೆ ಮುಂದಿಟ್ಟರು. ಕಟ್ಟಡ ಶಾಲೆಗೆ ತಕ್ಕದ್ದಾಗಿದೆ ಎಂದು ಕಟ್ಟಿದವರು ರುಜು ಹಾಕಿಕೊಡಬೇಕು; ಮುಂದಿನ ವಾರ ಅಧಿಕಾರಿ ಬರುತ್ತಾರೆ; ರುಜು ಇಲ್ಲದಿದ್ದರೆ ಮತ್ತೆ ಬೀಗ.

"ನಾನು ಹಾಕಲ್ಲ," ಎಂದರು ರಾಯರು.

"ಯಾಕೆ? ಬೀಳುತ್ತಾ ಕಟ್ಟಡ?"

"ಬೀಳಲ್ಲ. ಆದರೆ ಇದು ನನ್ನ ಕಟ್ಟಡ ಅಲ್ಲ. ಅದನ್ನ ಗುಜರಿ ಅಂಗಡಿ ಮಾಡಿದೀರಿ. ನನ್ನನ್ನ ಒಂದು ಮಾತು ಕೇಳಿದ್ರಾ?"

ಹೆಡ್‌ಮೇಡಂಗೆ ಅಷ್ಟರಲ್ಲಿ ಗಂಟಲು ವಾಪಸು ಬಂದಿತ್ತು. "ರೀ, ಮದುವೆಯಾದಾಗಿನಿಂದ ಕೇಳ್ತಾ ಇದೀನಿ, ಕಟ್ಟಡ ಬದಲಾಗಬೇಕು, ಕಟ್ಟಡ ಬದಲಾಗಬೇಕು ಅಂತ. ಈಗ ಒಂದು ಬದಲಾಯ್ತು. ಸಿಹಿ ಹಂಚೋದು ಬಿಟ್ಟು ಯಾಕೆ ಹೀಗೆ ಮುಖ ಊದಿಸ್ಕೊಂಡಿದೀರಾ? ನಿಮಗೆ ಬೇಕಾಗಿದ್ದು ಬದಲಾವಣೆ ಅಲ್ಲ. ನೀವೇ ಇನ್ನೊಂದು ಸಲ ಬರೆಯೋ ಅವಕಾಶ."

ರಾಯರು ಎದ್ದು ಹೋದರು. ಎಲ್ಲಿಗೆ ಹೋಗುವುದೆಂದು ತಿಳಿಯದೆ ಮಹಡಿ ಹತ್ತಿ, ಹಗ್ಗ ಕಟ್ಟಿದ ಬಾಗಿಲಿನ ಮುಂದೆ ಕೂತು ವಾಪಸು ಬಂದರು. ಊಟಕ್ಕೆ ಕೂತಾಗ ಇಬ್ಬರೂ ಉಪ್ಪು ಬೇಕಾದರೂ ಕೇಳಲಿಲ್ಲ. ಕೈ ಚಾಚಿ ತೆಗೆದುಕೊಂಡರು.

ಎರಡು ದಿನ ಬಿಟ್ಟು ರಾಯರು ಶಾಲೆಗೆ ಹೋದದ್ದು ತಪ್ಪು ಹುಡುಕಲಿಕ್ಕೆ. ರುಜು ಹಾಕದಿರಲು ಹೊಟ್ಟೆಕಿಚ್ಚು ಸಾಕಾಗುವುದಿಲ್ಲ, ಕಾರಣ ಬೇಕು. ಬಸ್ಸಿನ ಗೋಡೆಗಳನ್ನು ತಳ್ಳಿ ನೋಡಿದರು, ಅಲುಗಲಿಲ್ಲ. ಅಂಚುಗಳನ್ನು ಸವರಿದರು, ಯಾರೋ ರಬ್ಬರು ಪಟ್ಟಿ ಸುತ್ತಿ ಹರಿತ ಮುಚ್ಚಿದ್ದರು. ಬೆಂಕಿ ಬಿದ್ದರೆ ಓಡುವ ದಾರಿ ಹುಡುಕಿದರು; ಇಳಿಜಾರು ರಾಜಬೀದಿಯಂತೆ ತೆರೆದುಕೊಂಡಿತ್ತು. ಒಂದೂ ಕೊರತೆ ಸಿಗದೆ ಅವರ ಸಿಟ್ಟು ಇನ್ನಷ್ಟು ಏರಿತು. ಆಗ ಮೂರನೇ ಮಹಡಿಯಿಂದ ಕೂಗಾಟ ಕೇಳಿಸಿತು.

ಹೊರಗಿನ ಕಂಬಿಗಳ ನಡುವೆ ಒಬ್ಬ ಹುಡುಗಿಯ ತಲೆ ಸಿಕ್ಕಿಕೊಂಡಿತ್ತು. ದೇಹ ಈಚೆ, ತಲೆ ಆಚೆ. ಕೆಳಗೆ ಬಿದ್ದ ತನ್ನ ರಬ್ಬರು ಎಲ್ಲಿ ಹೋಯಿತೆಂದು ನೋಡಲು ತೂರಿಸಿದ ತಲೆ, ಹೋಗುವಾಗ ಹೋಗಿತ್ತು, ಬರುವಾಗ ಕಿವಿಗಳು ಒಪ್ಪಿರಲಿಲ್ಲ. ಸುತ್ತ ಅರ್ಧ ಶಾಲೆ ನೆರೆದಿತ್ತು. ಒಬ್ಬ ಟೀಚರು ಸೋಪು ತನ್ನಿ ಎನ್ನುತ್ತಿದ್ದರು, ಇನ್ನೊಬ್ಬರು ಎಣ್ಣೆ ಎನ್ನುತ್ತಿದ್ದರು. ಹೆಡ್‌ಮೇಡಂ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು.

ರಾಯರು ಹುಡುಗಿಯ ಪಕ್ಕದಲ್ಲಿ ಬಗ್ಗಿ, ಪಕ್ಕದ ಸಂದಿನಿಂದ ಅವಳ ಮುಖ ನೋಡಿದರು. "ನೋಯ್ತಿದೆಯಾ ಮರಿ?"

"ಇಲ್ಲ ತಾತ."

'ತಾತ' ಎಂಬ ಮಾತು ಸ್ವಲ್ಪ ಚುಚ್ಚಿದರೂ ನುಂಗಿಕೊಂಡರು. "ಹೆದರ್ಬೇಡ. ಈಗ ಬಿಡಿಸ್ತೀವಿ."

"ನಿಧಾನಕ್ಕೆ ಬಿಡಿಸಿ. ಮುಂದಿನ ಪೀರಿಯಡ್ಡು ಗಣಿತ."

ಹಿಂದೆ ಯಾರೋ ಕಿಸಕ್ಕೆಂದರು. ಹುಡುಗಿ ಆಚೆಯ ರಸ್ತೆಯನ್ನು ನೋಡುತ್ತಲೇ ಕೇಳಿದಳು. "ಈ ಕಂಬಿ ಯಾರು ಹಾಕಿದ್ದು?"

"ನಾನೇ."

"ಯಾಕೆ ಇಷ್ಟು ದೂರ ದೂರ ಹಾಕಿದೀರಾ?"

"ಕಾರು ಆಚೆ ಹೋಗಿ ಬೀಳಬಾರದು ಅಂತ. ಕಾರು ಇದಕ್ಕಿಂತ ದೊಡ್ಡದಿರುತ್ತಲ್ಲ."

"ಹೌದಾ," ಎಂದಳು ಹುಡುಗಿ, ತುಸು ಯೋಚಿಸಿ. "ನಮ್ಮ ತಂಗಿ ಇದರಲ್ಲಿ ಆರಾಮಾಗಿ ತೂರ್ತಾಳೆ. ಅವಳು ಒಂದನೇ ಕ್ಲಾಸು. ನಿನ್ನೆ ಒಂದು ಕಾಲು ಆಚೆ ಇಟ್ಟಿದ್ಲು, ನಾನೇ ಎಳ್ಕೊಂಡೆ."

ರಾಯರು ಕಂಬಿಯ ಸಂದಿಗೆ ತಮ್ಮ ಗೇಣು ಹಿಡಿದು ನೋಡಿದರು. ಈ ಹುಡುಗಿ ಸಿಕ್ಕಿಕೊಂಡಿದ್ದಳು. ಇವಳಿಗಿಂತ ಚಿಕ್ಕವಳಾಗಿದ್ದರೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಕೆಳಗೆ ಮೂರು ಮಹಡಿ ಆಳದಲ್ಲಿ ರಸ್ತೆ ಬಿಸಿಲಿಗೆ ಹೊಳೆಯುತ್ತಿತ್ತು. ಮನೆ, ಕಚೇರಿ, ಆಸ್ಪತ್ರೆ, ಈಜುಕೊಳ, ಎಲ್ಲ ನಾಳೆಗಳಲ್ಲೂ ಅವರು ಕಂಡದ್ದು ತಮ್ಮಷ್ಟೇ ಎತ್ತರದ ಮನುಷ್ಯರನ್ನು. ತಪ್ಪು ಹುಡುಕಲು ಬೆಳಿಗ್ಗೆಯಿಂದ ಈ ಮಹಡಿಗಳಲ್ಲೇ ಓಡಾಡಿದ್ದರು, ಬಸ್ಸಿನ ತಗಡನ್ನೆಲ್ಲ ಮುಟ್ಟಿ ನೋಡಿದ್ದರು; ತಾವೇ ನಿಲ್ಲಿಸಿದ ಕಂಬಿಯನ್ನು ಮುಟ್ಟಿರಲಿಲ್ಲ.

"ಸರೀರಿ, ಸರೀರಿ!" ಬಸ್ ಯಜಮಾನರು ಏದುಸಿರು ಬಿಡುತ್ತಾ ಬಂದರು, ಕೈಯಲ್ಲಿ ಕಾರೆತ್ತುವ ಜಾಕಿ. ಬಸ್ಸು ತೊಳೆಯುವ ಕ್ಲೀನರಾಗಿ ಬದುಕು ಶುರು ಮಾಡಿದ ಮನುಷ್ಯ. ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನೆಲಕ್ಕೆ ಕೂತರು. ಜಾಕಿಯನ್ನು ಅಡ್ಡ ಮಲಗಿಸಿ, ಹುಡುಗಿಯ ತಲೆಗಿಂತ ತುಸು ಮೇಲೆ ಎರಡು ಕಂಬಿಗಳ ನಡುವೆ ಸಿಕ್ಕಿಸಿದರು. "ಸಾಹೇಬ್ರೇ, ನೀವು ತಲೆ ಹಿಡ್ಕೊಳ್ಳಿ. ಕಂಬಿ ಮುರಿದ್ರೆ ಬೈಬೇಡಿ."

"ಮುರೀರಿ," ಎಂದರು ರಾಯರು. "ಬೇಗ ಮುರೀರಿ."

ಯಜಮಾನರು ಹಿಡಿ ತಿರುಗಿಸಿದರು. ಕಂಬಿ ಕಿರುಗುಟ್ಟಿತು, ಮುನಿಸಿಕೊಂಡಂತೆ ಕೂದಲೆಳೆಯಷ್ಟು ಬಾಗಿತು, ಇನ್ನಷ್ಟು ಬಾಗಿತು. ರಾಯರು ಎರಡೂ ಅಂಗೈಯಿಂದ ಆ ಕಿವಿಗಳನ್ನು ಒತ್ತಿ ಹಿಡಿದಿದ್ದರು. ಟಪ್ಪೆಂದು ತಲೆ ಈಚೆ ಬಂತು. ಹುಡುಗಿ ಕಿವಿ ಮುಟ್ಟಿ ನೋಡಿಕೊಂಡಳು, ಎರಡೂ ಇದ್ದವು. "ಗಣಿತ ಮುಗೀತಾ?" ಎಂದಳು.

ಹೆಡ್‌ಮೇಡಂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ರಾಯರಿಗೆ ನಗು ಬರಲಿಲ್ಲ. ಅವರು ಹೆಂಡತಿಯ ಮುಂದೆ ನಿಂತು, ಎಲ್ಲ ಟೀಚರುಗಳಿಗೂ ಕೇಳಿಸುವಂತೆ ಹೇಳಿದರು. "ಮೇಲಿನ ಮಹಡಿಗಳಿಗೆ ಇವತ್ತಿಂದ ಯಾರನ್ನೂ ಹತ್ತಿಸಬೇಡಿ. ಎಲ್ಲರನ್ನೂ ಕೆಳಗೆ ಕೂರಿಸಿ. ಕಂಬಿ ನಾನು ಹಾಕಿದ್ದು, ಸರಿಯಾಗಿಲ್ಲ. ಸರಿ ಮಾಡೋವರೆಗೆ ನಾನು ಇಲ್ಲಿಂದ ಕದಲಲ್ಲ."

ಹೆಡ್‌ಮೇಡಂ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಮೊದಲು ನೀರು ಕುಡೀರಿ," ಎಂದು ಬಾಟ್ಲಿ ಕೊಟ್ಟರು. ಉಪ್ಪಿನ ದಿನದಿಂದೀಚೆಗೆ ಅವರು ಆಡಿದ ಮೊದಲ ಮಾತು ಅದು.

"ಜಾಲರಿ ಬೇಕು," ಎಂದು ರಾಯರು ಬಾಯಿ ಒರೆಸಿಕೊಂಡು ಯಜಮಾನರತ್ತ ತಿರುಗಿದರು. ಕೇಳಲು ಸ್ವಲ್ಪ ಕಷ್ಟವಾಯಿತು. "ನಿಮ್ಮ ಡಿಪೋದಲ್ಲಿ... ಹಳೇ ಬಸ್ಸಿನ ಮೇಲೆ ಸಾಮಾನು ಕಟ್ಟೋ ಕಂಬಿ ಚೌಕಟ್ಟು ಇರುತ್ತಲ್ಲ, ಹತ್ತಿರ ಹತ್ತಿರ ಕಂಬಿ ಇರೋದು. ಅದು ಉಳಿದಿದೆಯಾ?"

ಯಜಮಾನರು ಅಂಗಿಯ ಒಂದು ತೋಳು ಹಾಕಿಕೊಂಡವರು ಇನ್ನೊಂದನ್ನು ಮರೆತರು. "ಗುಡ್ಡೆ ಬಿದ್ದಿದೆ! ತುಕ್ಕು ಹಿಡಿದಿದೆ ಅಷ್ಟೇ."

"ಬಣ್ಣ ಹೊಡೆಯೋಣ."

"ತಿಳಿ ಹಸಿರಾ?" ಎಂದರು ಹೆಡ್‌ಮೇಡಂ. ರಾಯರು ಅವರ ಮುಖ ನೋಡಿದರು. ಅಲ್ಲಿ ಚೇಷ್ಟೆ ಎಷ್ಟಿದೆ, ರಾಜಿ ಎಷ್ಟಿದೆ ಎಂದು ತಿಳಿಯಲಿಲ್ಲ.

ಕೆಲಸ ಹಿಡಿಯಿತು. ಶಾಲೆಯೆಲ್ಲ ನೆಲಮಹಡಿಯಲ್ಲಿ ಒತ್ತಿಕೊಂಡು ಕೂತಿತು, ಮಗ್ಗಿಗೂ ಪದ್ಯಕ್ಕೂ ಮತ್ತೆ ಜಗಳ ಹತ್ತಿತು. ಮೇಲೆ ಬೆಸುಗೆಯ ಕಿಡಿ ಹಾರುತ್ತಿತ್ತು. ರಾಯರು ಪ್ರತಿ ಸಂದಿಗೂ ತಮ್ಮ ಮುಷ್ಟಿ ತೂರಿಸಿ ನೋಡುತ್ತಿದ್ದರು. ಮುಷ್ಟಿ ಹೋದರೆ ಇನ್ನೊಂದು ಕಂಬಿ. ಯಜಮಾನರ ಅಕ್ಕ ಒಂದು ದಿನ ಬಂದು, ಸೊಂಟಕ್ಕೆ ಕೈಕೊಟ್ಟು ಸೂರನ್ನೇ ನೋಡಿ, "ಈಗ ಉಸಿರಾಡಬಹುದು," ಎಂದು ಹೇಳಿ ಹೋದರು. ಎಲ್ಲ ಮುಗಿದ ಮೇಲೆ ರಾಯರು ಆ ಹಾಳೆ ಕೇಳಿ ಪಡೆದು, ನಿಂತ ಕಾಲಲ್ಲೇ ರುಜು ಹಾಕಿದರು.

ಅಧಿಕಾರಿ ಬಂದದ್ದು ಕಾರಿನಲ್ಲಿ. ಒಳಗೆ ಬರುವ ಕಾರೆಂಬ ಪದಾರ್ಥವನ್ನು ಬಹುಕಾಲದ ಮೇಲೆ ಕಂಡ ವಾಚ್‌ಮನ್ ಸಂಭ್ರಮದಿಂದ ಚೀಟಿ ಕೊಟ್ಟು ಕೋಲೆತ್ತಿ ಮೇಲಕ್ಕೆ ಕೈ ತೋರಿದ. ಅಧಿಕಾರಿ ಇಳಿಜಾರು ಹತ್ತಿ, ಹಳದಿ ಗೆರೆಗಳ ನಡುವೆ ಖಾಲಿ ಕಂಡ ಕಡೆ ಶಿಸ್ತಾಗಿ ನಿಲ್ಲಿಸಿ, ಬಾಗಿಲು ತೆರೆದು ಇಳಿದರೆ ಸುತ್ತ ನಲವತ್ತು ಹುಡುಗಿಯರು ಎದ್ದು ನಿಂತು, "ನಮಸ್ತೇ ಸಾರ್!" ಎಂದರು. ಅವರು ಬೆಚ್ಚಿ ಮತ್ತೆ ಕಾರಿನೊಳಗೆ ಕೂತರು. ಪಕ್ಕದ ಕಾರಿನಿಂದ ಯಜಮಾನರು ಕೈ ಬೀಸಿ, "ಇಳೀರಿ ಸಾರ್, ಚರಿತ್ರೆ ಪಾಠ, ಚೆನ್ನಾಗಿದೆ," ಎಂದರು. ಅಧಿಕಾರಿ ಎಲ್ಲವನ್ನೂ ಸುತ್ತಿ ನೋಡಿದರು. ಬಸ್ಸಿನ ಕಿಟಕಿಯೊಂದನ್ನು ತಾವೂ ಸರಿಸಿ ಮುಚ್ಚಿದರು. ಕಂಬಿಗಳನ್ನು ಹಿಡಿದು ಅಲುಗಿಸಿದರು. ಈ ವರ್ಷಕ್ಕೆ ಅಪ್ಪಣೆ, ಮುಂದಿನ ವರ್ಷದ್ದು ಮುಂದೆ ನೋಡೋಣ ಎಂದು ಬರೆದುಕೊಟ್ಟು, ಹಿಂದಕ್ಕೆ ತಿರುಗಿಸಲು ಜಾಗ ಸಾಲದೆ ಏಳನೇ ತರಗತಿಯವರಿಂದ ಕಾರು ತಳ್ಳಿಸಿಕೊಂಡು ಹೋದರು.

ಆಮೇಲೆ ರಾಯರಿಗೆ ಅಲ್ಲಿ ಕೆಲಸವೇನೂ ಉಳಿದಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಬಂದರು. ಇಳಿಜಾರು ಹತ್ತುವಾಗ ಚಿಕ್ಕ ಮಕ್ಕಳು ಗೋಡೆ ಸವರುತ್ತಾ ಬರುವುದನ್ನು ನೋಡಿದ್ದರು. ಹಿಡಿದುಕೊಳ್ಳಲು ಒಂದು ಅಡ್ಡಗಂಬಿ ಬೇಕು, ಅದು ಎಷ್ಟು ಎತ್ತರದಲ್ಲಿರಬೇಕು ಎಂಬುದೇ ತಲೆಯಲ್ಲಿತ್ತು. ಟೇಪು ತೆಗೆದವರು ಅಳೆಯದೆ ಅದನ್ನು ಮತ್ತೆ ಜೇಬಿಗಿಟ್ಟರು. ಆಮೇಲೆ ಪ್ಯಾಂಟು ಸ್ವಲ್ಪ ಮೇಲೆಳೆದುಕೊಂಡು, ಇಳಿಜಾರಿನ ನಡುವೆ ಚಿಕ್ಕ ಮಕ್ಕಳ ಎತ್ತರಕ್ಕೆ ಮೊಣಕಾಲೂರಿದರು.

ಅಲ್ಲಿಂದ ಎಲ್ಲ ಬೇರೆಯಾಗಿ ಕಂಡಿತು. ಸೂರು ಬಹಳ ದೂರವಿತ್ತು. ಕಂಬಿಗಳ ಸಂದಿನಲ್ಲಿ ಎದುರು ಮನೆಯ ತಾರಸಿ, ಒಣಹಾಕಿದ ಬಟ್ಟೆ, ನೀರಿನ ತೊಟ್ಟಿಯ ಮೇಲೆ ಮಲಗಿದ ಬೆಕ್ಕು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮೇಲಿಂದ ಹುಡುಗಿಯರು ದಡದಡ ಇಳಿದು ಬಂದರು. ಯಾರೂ ಅವರನ್ನು ನಿಂತು ನೋಡಲಿಲ್ಲ. ಕಂಬವನ್ನು ಬಳಸಿ ಹೋಗುವಂತೆ, ಅತ್ತ ಕೆಲವರು ಇತ್ತ ಕೆಲವರು ಸೀಳಿಕೊಂಡು ಮುಂದೆ ಕೂಡಿಕೊಂಡರು. ಒಬ್ಬಳು ಓಡುವ ಭರದಲ್ಲಿ ಅವರ ಹೆಗಲು ಹಿಡಿದು ತಿರುವು ತೆಗೆದುಕೊಂಡು ಹೋದಳು. ರಾಯರು ಅಲುಗಾಡದೆ ಹಾಗೇ ಕೂತಿದ್ದರು.